ಕಾಕಾನ ಕೋಲ್ಡ್ ಸ್ಟೋರೇಜ್ ಆ್ಯಪು ಮತ್ತ ಅಪ್ಲಿಕೇಶನ್ ಕಂಟೆಕ್ಸ್ಟು: ನನ್ನ ಅನುಭವ

ತಿಕೋಟಾದಾಗ ನಮ್ಮ ಕಾಕಾಂದು ಮಣೂಕದ ಕೋಲ್ಡ್ ಸ್ಟೋರೇಜ್ ಐತ್ರಿ, ಯಾವ ರೈತರದು ಎಷ್ಟ ಬಾಕ್ಸ್ ಬಂತು ಎಷ್ಟ ಹೋತು ಅಂತ ಬರಿಯಾಕ ಕೋಟ್ಲಿನ್‌ನಾಗ ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿಕೊಟ್ಟಿದ್ನಿ. ಮುಂಜಾನೆ ಛಲೋ ಓಡ್ತಿತ್ತು, ಮಧ್ಯಾಹ್ನ ಆಗೂದ್ರಾಗ ಜಡ ಆಗಿ ಸಂಜಿಗೆ ಬಂದ್ ಬೀಳ್ತಿತ್ತು. "ತಮ್ಮಾ, ನನ್ನ ವಹಿನ ಛಲೋ ಇತ್ತಲೋ" ಅಂದ್ರು ಕಾಕಾ. ಬಾಳ ಕೆಟ್ಟ ಅನಸ್ತು.

ಲೀಕ್‌ಕ್ಯಾನರಿ (ಕೆಲಸ ಮುಗದ್ರೂ ಬಿಡದ ಮೆಮೊರಿ, ಅಂದ್ರ ಲೀಕ್, ಹುಡಕೂ ಟೂಲು) ಹಾಕಿ ನೋಡಿದ್ರ ತಪ್ಪು ನಂದ. ಒಂದೊಂದು ಸ್ಕ್ರೀನಿಗೂ ಬ್ಯಾರೆ ರೂಮ್ ಡೇಟಾಬೇಸು (ಫೋನಿನಾಗ ಲೆಕ್ಕ ಇಡೂದು), ಬ್ಯಾರೆ ರೆಟ್ರೋಫಿಟ್ಟು (ಸರ್ವರ್ ಜೋಡಿ ಮಾತಾಡೂ ಲೈಬ್ರರಿ), ಸರ್ವರಿಗೆ ಲೆಕ್ಕ ಕಳಸೂ ಥ್ರೆಡ್ಡೂ (ಹಿಂದ ಓಡೂ ಕೆಲಸ) ಬ್ಯಾರೆ, ಆ ಥ್ರೆಡ್ಡಿಗೆ ಆ್ಯಕ್ಟಿವಿಟಿ ಕಂಟೆಕ್ಸ್ಟ್ ಕೊಟ್ಟಿದ್ನಿ (ಆ್ಯಕ್ಟಿವಿಟಿ ಅಂದ್ರ ಒಂದು ಸ್ಕ್ರೀನು, ಕಂಟೆಕ್ಸ್ಟ್ ಅಂದ್ರ ಆಂಡ್ರಾಯ್ಡಿನ ಸವಲತ್ತು ಮುಟ್ಟಾಕ ಬೇಕಾದ ಹಿಡಿಕಿ), ನಿಲ್ಲಸೂದು ಮರತಿದ್ನಿ. ಫೋನ್ ಅಡ್ಡ ಮಾಡಿದ್ರ ಆಂಡ್ರಾಯ್ಡ್ ಹಳೆ ಆ್ಯಕ್ಟಿವಿಟಿ ತಗದು ಹೊಸಾದು ಮಾಡ್ತೈತಿ, ಆದ್ರ ಓಡೂ ಥ್ರೆಡ್ ಹಳೇದನ್ನ ಹಿಡಕೊಂಡ ಕುಂತ್ರ ಬ್ಯಾಡಾದ ಮೆಮೊರಿ ತಗಿಯೂ ಗಾರ್ಬೇಜ್ ಕಲೆಕ್ಟರಿಗೆ ಅದನ್ನ ಬಿಡಸಾಕ ಬರೂದಿಲ್ಲ. ಇನ್ನೊಂದು ತ್ರಾಸು, ಒಂದು ಡೇಟಾಬೇಸ್ ಇನ್‌ಸ್ಟನ್ಸಿನಾಗ ಬರದದ್ದು ಇನ್ನೊಂದಕ್ಕ ತಿಳೀತಿದ್ದಿಲ್ಲ, ಬಾಕ್ಸ್ ಏರಿಸಿದ್ರೂ ಲಿಸ್ಟ್ ಹಳೇದ ತೋರಸ್ತಿತ್ತು.

ಆಮ್ಯಾಲೆ ಇಡೀ ಆ್ಯಪಿಗೆ ಒಂದ ಇರೂ ಅಪ್ಲಿಕೇಶನ್ ಕ್ಲಾಸಿನಿಂದ ನಂದ ಒಂದು ಕ್ಲಾಸ್ ಮಾಡಿ ಅದರಾಗ ಕಂಟೇನರ್ ಇಟ್ನಿ, ಡೇಟಾಬೇಸ್, ರೆಟ್ರೋಫಿಟ್, ಕಳಸೂ ಕೆಲಸ ಎಲ್ಲಾ ಅಲ್ಲೇ ಒಂದೊಂದ, ಬೈ ಲೇಜಿ ಹಾಕಿ, ಅಂದ್ರ ಬೇಕಾದಾಗ ಅಷ್ಟ ತಯಾರಾಗ್ತಾವು, ಆ್ಯಪ್ ತಗಿಯೂದು ತಡ ಆಗೂದಿಲ್ಲ. ಸ್ಕ್ರೀನ್‌ಗಳು ಅಲ್ಲಿಂದ ಇಸಕೋತಾವು. ಮ್ಯಾನಿಫೆಸ್ಟಿನಾಗ (ಆ್ಯಪಿನ ವಿವರ ಇರೂ ಫೈಲಿನಾಗ) ಕ್ಲಾಸಿನ ಹೆಸರು ಹಾಕೂದು ಮರತು ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್ ಅನ್ನೂ ಎರರ್ ಬಂದು ಒಂದು ತಾಸು ಹೋತು, ನೀವು ಮೊದಲ ಅದನ್ನ ನೋಡ್ಕೋರಿ.

ಲೀಕ್ ನಿಂತ ಖುಷಿಗೆ ಎಲ್ಲಾ ಕಡೆ ಅಪ್ಲಿಕೇಶನ್ ಕಂಟೆಕ್ಸ್ಟೇ ತುರಕಿದ್ನಿ, ಅದೂ ತಪ್ಪು. ಡೈಲಾಗ್ ತಗದ್ರ ಬ್ಯಾಡ್ ಟೋಕನ್ ಎಕ್ಸೆಪ್ಶನ್, ಯಾಕಂದ್ರ ಡೈಲಾಗ್ ನಿಂದ್ರಾಕ ಆ್ಯಕ್ಟಿವಿಟಿಯ ವಿಂಡೋನ ಬೇಕು. ಲೇಔಟಿಗೂ ಆ್ಯಕ್ಟಿವಿಟಿಯ ಥೀಮ್ ಹತ್ತಲಿಲ್ಲ. ಕಣ್ಣಿಗೆ ಕಾಣೂದಕ್ಕೆಲ್ಲಾ ಆ್ಯಕ್ಟಿವಿಟಿ ಕಂಟೆಕ್ಸ್ಟು, ಆ್ಯಪ್ ಇರೂತನಕ ಇರೂ ಸರ್ವಿಸಿಗೆ ಅಪ್ಲಿಕೇಶನ್ನಿಂದು, ಈಗ ಹಿಂಗ ಬರೀತೀನಿ.

ಆರಿಸಿದ ರೈತರ ಹೆಸರೂ ಅದ ಕಂಟೇನರಿನಾಗ ಇಟ್ಟಿದ್ನಿ. ಕಾಕಾ ಯಾರದೋ ಫೋನ್ ಬಂತಂತ ಅರ್ಧಾ ತಾಸು ಮಾತಾಡಿ ಹೊಳ್ಳಿ ಆ್ಯಪಿಗೆ ಬಂದ್ರ ಹೆಸರಿನ ಜಾಗಾ ಖಾಲಿ, ಮೆಮೊರಿ ಕಡಿಮಿ ಆಗಿ ಸಿಸ್ಟಮ್ ಪ್ರೊಸೆಸ್ಸನ್ನ ಕೊಂದಿತ್ತು, ಅಪ್ಲಿಕೇಶನ್ ಹೊಸದಾಗಿ ಹುಟ್ಟಿತ್ತು. ಈಗ ಹೆಸರು ಆರಿಸಿದ ಕೂಡ್ಲೇ ಡೇಟಾಬೇಸಿಗೆ ಬರೀತೈತಿ.