ತೋಟದ ಟ್ರಾಕ್ಟರಿಗೆ ಟಿಲ್ಲರ್ ಇಂಜಿನ್ ಕೂರಿಸಿ ಹೈಡ್ರಾಲಿಕ್ ನಡೆಸಿದ್ದು

ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಸುಮಾರು ಒಂಬತ್ತು ಅಡಿ ಅಂತರ. ಹಳೆಯ ತೋಟಗಳಲ್ಲಿ ಅದೂ ಇರುವುದಿಲ್ಲ. ದೊಡ್ಡ ಟ್ರಾಕ್ಟರ್ ಅಲ್ಲಿ ತಿರುಗುವ ಮಾತೇ ಇಲ್ಲ. ಹಾಗಾಗಿ ನಮ್ಮ ತೀರ್ಥಹಳ್ಳಿ ಕಡೆ ಕೆಲವರು ವರ್ಕ್‌ಶಾಪಿನಲ್ಲೇ ಪುಟ್ಟ ಗಾಡಿ ಕಟ್ಟಿಸಿಕೊಳ್ಳುತ್ತಾರೆ. ನನ್ನದೂ ಅಂಥದ್ದೇ. ಹಳೇ ಜೀಪಿನ ಗೇರ್‌ಬಾಕ್ಸು, ಕತ್ತರಿಸಿ ಗಿಡ್ಡ ಮಾಡಿದ ಆಕ್ಸಲ್, ಚಾನೆಲ್ ಕಬ್ಬಿಣದ ಚಾಸಿ, ಮುಂದೆ ಒಂದು 5 ಎಚ್‌ಪಿ ಪೆಟ್ರೋಲ್-ಸೀಮೆಎಣ್ಣೆ ಇಂಜಿನ್. ಗೊಬ್ಬರ, ಸೊಪ್ಪು, ಅಡಿಕೆ ಕೊನೆ ಹೊರುವುದಕ್ಕೆ ಅಷ್ಟು ಸಾಕಾಗಿತ್ತು.

ಸಾಕಾಗದೆ ಹೋದದ್ದು ಎರಡು ಕೆಲಸಕ್ಕೆ. ಬೇಸಿಗೆಯಲ್ಲಿ ತೋಟಕ್ಕೆ ಹೊಸ ಮಣ್ಣು ಏರಿಸುವಾಗ ಟ್ರಾಲಿಯಿಂದ ಮಣ್ಣನ್ನು ಗುದ್ದಲಿಯಲ್ಲಿ ಎಳೆದು ಹಾಕಬೇಕಿತ್ತು. ಈಗ ಆ ಕೆಲಸಕ್ಕೆ ಜನ ಎಲ್ಲಿ ಸಿಗುತ್ತಾರೆ? ಇನ್ನೊಂದು ಕಟ್ಟಿಗೆ. ನಾವು ಈಗಲೂ ಕೆಂಪಡಿಕೆ ಮಾಡುವವರು. ಹಂಡೆಯಲ್ಲಿ ಚೊಗರು (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ ಅಡಿಕೆ ಬೇಯಿಸುವ ದಿನಗಳಲ್ಲಿ ಒಲೆ ಎಷ್ಟು ಕಟ್ಟಿಗೆ ತಿನ್ನುತ್ತದೆ ಅನ್ನುವುದು ಬೇಯಿಸಿದವರಿಗೇ ಗೊತ್ತು. ದಪ್ಪ ಕೊರಡುಗಳನ್ನು ಕೊಡಲಿಯಲ್ಲಿ ಸೀಳುವುದು ನನ್ನ ಬೆನ್ನಿಗೆ ಇನ್ನು ಆಗದ ಕೆಲಸ. ಎಣ್ಣೆಯ ಒತ್ತಡದಿಂದ ನಡೆಯುವ, ಅಂದರೆ ಹೈಡ್ರಾಲಿಕ್, ಜ್ಯಾಕ್ ಎರಡು: ಟ್ರಾಲಿ ಎತ್ತಲು ಒಂದು, ಕಟ್ಟಿಗೆ ಸೀಳಲು ಒಂದು, ಎರಡಕ್ಕೂ ಒಂದೇ ಪಂಪು. ಇದು ನನ್ನ ಯೋಜನೆ.

ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ಕೇಳುವ ಪ್ರಶ್ನೆ "ಎಷ್ಟು ಎಚ್‌ಪಿ ಇಂಜಿನ್ ಬೇಕು?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕೊರಡಿನಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ಕೊರಡು ಸೀಳಲು ಎಷ್ಟು ಬಲ ಬೇಕು, ಅದಕ್ಕೆ ಜ್ಯಾಕ್ ಎಷ್ಟು ದಪ್ಪ, ಜ್ಯಾಕ್ ಎಷ್ಟು ಬೇಗ ಓಡಬೇಕು, ಅದಕ್ಕೆ ಪಂಪು ಎಷ್ಟು ದೊಡ್ಡದು. ಇಷ್ಟು ಗೊತ್ತಾದರೆ ಇಂಜಿನ್ ಯಾವುದು ಅಂತ ತಾನಾಗಿ ಹೊರಬರುತ್ತದೆ.

ನನ್ನ ಲೆಕ್ಕ ಹೀಗಿತ್ತು. 100 ಮಿ.ಮೀ. ಬೋರಿನ (ಒಳ ಅಗಲದ) ಜ್ಯಾಕಿಗೆ 150 ಬಾರ್ ಒತ್ತಡ ಕೊಟ್ಟರೆ ಹತ್ತಿರ ಹತ್ತಿರ 12 ಟನ್ ಬಲ ಬರುತ್ತದೆ. ಗಂಟಿರುವ ಕೊರಡಿಗೂ ಅದು ಧಾರಾಳ. ಜ್ಯಾಕಿನ ಓಟ 60 ಸೆಂ.ಮೀ. ಅದು ಪೂರ್ತಿ ಮುಂದೆ ಬರಲು 4.7 ಲೀಟರ್ ಎಣ್ಣೆ ಬೇಕು. 15 ಸೆಕೆಂಡಿನಲ್ಲಿ ಬರಬೇಕು ಅಂದರೆ ನಿಮಿಷಕ್ಕೆ ಸುಮಾರು 19 ಲೀಟರ್. ಇಂಜಿನ್ ನಿಮಿಷಕ್ಕೆ 2000 ಸುತ್ತಿನಲ್ಲಿ ಓಡಿ, ಪಂಪು ಅದಕ್ಕೆ ನೇರವಾಗಿ ಜೋಡಿಸಿದ್ದರೆ, ಒಂದೊಂದು ಸುತ್ತಿಗೂ 10 ಸಿ.ಸಿ. ಎಣ್ಣೆ ಕೊಡುವ ಗೇರ್ ಪಂಪು (ಹಲ್ಲುಚಕ್ರಗಳು ಎಣ್ಣೆ ತಳ್ಳುವಂಥದ್ದು) ಸರಿ ಹೋಗುತ್ತದೆ. ನಿಮಿಷದ ಲೀಟರನ್ನು ಬಾರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 20 ಲೀಟರ್, 150 ಬಾರ್ ಅಂದರೆ 5 ಕಿಲೋವ್ಯಾಟ್. ಪಂಪಿನೊಳಗಿನ ನಷ್ಟ ಸೇರಿಸಿ ಇಂಜಿನ್ ಕಡೆಯಿಂದ 8 ಎಚ್‌ಪಿ ಬೇಕು.

ಇಲ್ಲಿ ಎಚ್‌ಪಿಗಿಂತ ಮುಖ್ಯವಾದದ್ದು ಟಾರ್ಕ್, ಅಂದರೆ ಶಾಫ್ಟನ್ನು ತಿರುಚುವ ಬಲ. 10 ಸಿ.ಸಿ. ಪಂಪು 150 ಬಾರ್ ಕೊಡುವಾಗ ಶಾಫ್ಟನ್ನು ತಿರುಗಿಸಲು 26 ನ್ಯೂಟನ್ ಮೀಟರ್ ಹತ್ತಿರ ಬೇಕು. ನನ್ನ ಹಳೆಯ ಇಂಜಿನ್ 3600 ಸುತ್ತಿನದು. ಅದು ಪೂರ್ತಿ ದಮ್ಮು ಕಟ್ಟಿ ಓಡಿದರೂ 10 ಕೊಡುತ್ತಿತ್ತು. ಸೀಮೆಎಣ್ಣೆಗೆ ಬದಲಿಸಿದರೆ ಅದಕ್ಕೂ ಕಡಿಮೆ. ಕೊರಡು ತಾಗಿದ ಕ್ಷಣ ನಿಂತೇ ಹೋಗುತ್ತದೆ. ಚಿಕ್ಕ ಪಂಪು ಹಾಕಿ ನಿಧಾನಕ್ಕೆ ಓಡಿಸಬಹುದಿತ್ತು ನಿಜ. ಆದರೆ ಜ್ಯಾಕ್ ಮುಂದೆ ಬರುವಷ್ಟರಲ್ಲಿ ಒಂದು ಕವಳ ಹಾಕಿ ಮುಗಿಸಬಹುದು ಅನ್ನುವ ಸ್ಥಿತಿ ಆಗುತ್ತಿತ್ತು. ಸೀಮೆಎಣ್ಣೆ ಸಿಗುವುದೂ ಈಗ ಕಷ್ಟ. ಮನೆಯಲ್ಲಿ ಪಂಪ್‌ಸೆಟ್ಟಿನ 5 ಎಚ್‌ಪಿ ಡೀಸೆಲ್ ಇಂಜಿನ್ ಒಂದಿತ್ತು, 1500 ಸುತ್ತಿನದು. ಅದರ ಟಾರ್ಕ್ 23ರ ಆಸುಪಾಸು. ಹತ್ತಿರ ಬಂದರೂ ಮುಟ್ಟಲಿಲ್ಲ. ಮೇಲಾಗಿ ಅದರ ತೂಕಕ್ಕೆ ನನ್ನ ಗಾಡಿಯ ಮುಂಭಾಗ ನೆಲಕ್ಕೆ ಮೂಗು ತಾಗಿಸುತ್ತಿತ್ತು.

ಕೊನೆಗೆ ಆರಿಸಿದ್ದು ಪವರ್ ಟಿಲ್ಲರಿನ 13 ಎಚ್‌ಪಿ ಇಂಜಿನ್. ಒಂದೇ ಸಿಲಿಂಡರು, ಅಡ್ಡ ಮಲಗಿದ್ದು, ನೀರಿನಿಂದ ತಣಿಯುವಂಥದ್ದು, ರೇಡಿಯೇಟರ್ ಜೊತೆಗೇ ಇದೆ. 2400 ಸುತ್ತಿನಲ್ಲಿ 13 ಎಚ್‌ಪಿ ಅಂದರೆ 38 ನ್ಯೂಟನ್ ಮೀಟರ್. ಟಿಲ್ಲರಿನ ಗೇರ್‌ಬಾಕ್ಸ್ ಹೋಗಿ ಮೂಲೆ ಸೇರಿದವು ನಮ್ಮ ಕಡೆ ಬೇಕಾದಷ್ಟಿವೆ. ಇಂಜಿನ್ ಮಾತ್ರ ಚೆನ್ನಾಗಿರುತ್ತದೆ. ಬಿಡಿಭಾಗ ತಾಲ್ಲೂಕಿನಲ್ಲೇ ಸಿಗುತ್ತದೆ, ರಿಪೇರಿ ಗೊತ್ತಿರುವವರು ಪ್ರತಿ ಊರಲ್ಲೂ ಇದ್ದಾರೆ. ಇನ್ನೊಂದು ಲಾಭ ಭಾರದ ಫ್ಲೈವೀಲು. ಕೊರಡು ಸೀಳುವಾಗ ಹೊರೆ ಒಂದೇ ಏಟಿಗೆ ಬಂದು ಒಂದೇ ಏಟಿಗೆ ಹೋಗುತ್ತದೆ. ಹೊರೆಗೆ ತಕ್ಕಂತೆ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಗವರ್ನರ್ ಎಚ್ಚೆತ್ತುಕೊಳ್ಳುವವರೆಗೆ ಇಂಜಿನನ್ನು ಕಾಯುವುದು ಆ ಫ್ಲೈವೀಲೇ. ಪೆಟ್ರೋಲ್ ಇಂಜಿನ್ ಹಗುರ, ಶಬ್ದ ಕಡಿಮೆ, ಎಲ್ಲ ಸರಿ. ಆದರೆ ಗೇರ್ ಪಂಪಿಗೆ ನಾನು ಡೀಸೆಲ್ಲನ್ನೇ ಹೇಳುತ್ತೇನೆ.

ಇಂಜಿನ್ ನೂರು ಕೆ.ಜಿ.ಗೂ ಮೇಲೆ. ಚೈನ್ ಪುಲ್ಲಿ ಕಟ್ಟಿ ಎತ್ತಿ, ಕೆಳಗೆ ಗಾಡಿಯನ್ನು ತಳ್ಳಿಕೊಂಡು ಬಂದು ಇಳಿಸಿದೆವು. ಕೂರಿಸಲು ಎರಡು 75 ಮಿ.ಮೀ. ಚಾನೆಲ್ ಹಾಕಿ, ಬೋಲ್ಟ್ ತೂತುಗಳನ್ನು ಉದ್ದಕ್ಕೆ ಸೀಳಿಸಿದೆ, ಬೆಲ್ಟ್ ಬಿಗಿ ಮಾಡಲು ಇಂಜಿನ್ ಹಿಂದೆ ಮುಂದೆ ಸರಿಯಬೇಕಲ್ಲ. ರಬ್ಬರ್ ಮೌಂಟಿಂಗ್ ಹಾಕಲಿಲ್ಲ. ಒಂಟಿ ಸಿಲಿಂಡರ್ ಮಲಗಿರುವ ಇಂಜಿನ್ ಉದ್ದುದ್ದಕ್ಕೆ ಒದೆಯುತ್ತದೆ. ರಬ್ಬರ್ ಮೇಲೆ ಕೂತರೆ ಬೆಲ್ಟೂ ಕುಣಿಯುತ್ತದೆ, ಪಂಪಿನ ಕಪ್ಲಿಂಗೂ ಕುಣಿಯುತ್ತದೆ. ಅದರ ಬದಲು ಡ್ರೈವರ್ ಸೀಟಿನ ಕೆಳಗೆ ರಬ್ಬರ್ ಹಾಕಿಕೊಂಡೆ.

ಹಳೆಯದು 3600 ಸುತ್ತು, ಇದು 2000. ಗಾಡಿಯ ವೇಗ ಮೊದಲಿನಷ್ಟೇ ಇರಬೇಕಾದರೆ ಇಂಜಿನ್ ಕಡೆಯ ಪುಲ್ಲಿ ದೊಡ್ಡದಾಗಬೇಕು. 4 ಇಂಚು ಇದ್ದದ್ದನ್ನು 7 ಇಂಚಿಗೆ ಏರಿಸಿದೆ. ಬಿ ಸೆಕ್ಷನ್ ಅಳತೆಯ ವಿ-ಬೆಲ್ಟ್ ಎರಡು.

ನಿಜವಾದ ಕೆಲಸ ಇದ್ದದ್ದು ಪಂಪು ಜೋಡಿಸುವಲ್ಲಿ. ಗೇರ್ ಪಂಪಿನ ಶಾಫ್ಟ್ ತಿರುಚುವ ಬಲ ತಡೆಯುತ್ತದೆ, ಪಕ್ಕಕ್ಕೆ ಎಳೆದರೆ ತಡೆಯುವುದಿಲ್ಲ. ಅದರ ಮೂತಿಗೇ ಪುಲ್ಲಿ ಹಾಕಿ ಬೆಲ್ಟ್ ಬಿಗಿದವರ ಪಂಪು ಒಳಗಿನ ಬುಷ್ ಸವೆದು ಬೇಗ ಕೈಕೊಡುತ್ತದೆ. ಬೆಲ್ಟೇ ಬೇಕೆಂದರೆ ಮಧ್ಯೆ ಬೇರಿಂಗ್ ಹಾಕಿದ ಶಾಫ್ಟ್ ಬೇಕು. ನನಗೆ ಜಾಗವಿರಲಿಲ್ಲ, ನೇರ ಕಪ್ಲಿಂಗಿಗೇ ಹೋದೆ. ಫ್ಲೈವೀಲ್ ಪುಲ್ಲಿಯ ಮುಖಕ್ಕೆ ಒಂದು ತಟ್ಟೆ, ತಟ್ಟೆಯ ನಡುವಿನಿಂದ ಗಿಡ್ಡ ಶಾಫ್ಟ್, ಅದರ ತುದಿಗೆ ಸ್ಪೈಡರ್ ಕಪ್ಲಿಂಗ್ (ಎರಡು ಹೋಳುಗಳ ಹಲ್ಲಿನ ನಡುವೆ ರಬ್ಬರ್ ಇರುವ ಜೋಡಣೆ), ಆಚೆ ಕಡೆ ಪಂಪು. ಇಎನ್ 8 ಕಬ್ಬಿಣದಲ್ಲಿ ಮಾಡಿಸೋಣ ಅಂತ ಶಿವಮೊಗ್ಗದ ಲೇತ್ ಶಾಪಿಗೆ ಹೋದೆ. ನಾನು ಬರೆದ ಚಿತ್ರ ನೋಡಿ ಲೇತಿನವರು ಪೆನ್ಸಿಲ್ ತೆಗೆದುಕೊಂಡರು.

"ಗೌಡ್ರೇ, ಬೋಲ್ಟನ್ನ ನಂಬಬೇಡಿ. ಬೋಲ್ಟು ಬಿಗಿ ಹಿಡಿಯುತ್ತೆ, ಸೆಂಟರ್‌ಗೆ ತರಲ್ಲ."

ತಟ್ಟೆಯ ಹಿಂಭಾಗದಲ್ಲಿ ಪುಲ್ಲಿಯ ತೂತಿಗೆ ಸರಿಯಾಗಿ ಕೂರುವ ಒಂದು ಮೆಟ್ಟಿಲು ತಿರುವಿಕೊಟ್ಟರು. ಕೈಯಲ್ಲಿ ಒತ್ತಿದರೆ ಹೋಗಬೇಕು, ಅಲ್ಲಾಡಬಾರದು, ಅಷ್ಟು ಬಿಗಿ. ಕೂರಿಸಿದ ಮೇಲೆ, ಶಾಫ್ಟ್ ಓಲಾಡುವುದನ್ನು ಅಳೆಯುವ ಡಯಲ್ ಗೇಜಿನ ಬುಡವನ್ನು ಚಾನೆಲ್ಲಿಗೆ ಅಂಟಿಸಿ, ಇಂಜಿನ್ ಹಗುರಾಗಿ ತಿರುಗಲೆಂದು ಡಿಕಂಪ್ರೆಷನ್ ಲಿವರ್ ಎತ್ತಿ, ಫ್ಲೈವೀಲನ್ನು ಕೈಯಲ್ಲಿ ನಿಧಾನ ತಿರುಗಿಸಿದೆ. ಮುಳ್ಳು 0.05 ಮಿ.ಮೀ. ಒಳಗೇ ಆಡುತ್ತಿತ್ತು. ಪಂಪಿನ ಬ್ರಾಕೆಟ್ಟನ್ನು ಚಾಸಿಗೆ ಹಾಕದೆ ಇಂಜಿನ್ ಕೂತಿರುವ ತಳಕ್ಕೇ ಬೋಲ್ಟ್ ಮಾಡಿದೆ, ಬೆಲ್ಟ್ ಬಿಗಿ ಮಾಡಲು ಇಂಜಿನ್ ಸರಿಸಿದಾಗ ಪಂಪೂ ಜೊತೆಗೆ ಸರಿಯಲಿ ಅಂತ. ಕಪ್ಲಿಂಗಿನ ಎರಡು ಹೋಳುಗಳ ನಡುವೆ 2 ಮಿ.ಮೀ. ಸಂದು ಬಿಟ್ಟೆ. ಸಂದಿಲ್ಲದೆ ಒತ್ತಿ ಕೂರಿಸಿದರೆ ಪಂಪಿನ ಶಾಫ್ಟ್ ಒಳಕ್ಕೆ ಗುದ್ದಿಸಿಕೊಳ್ಳುತ್ತದೆ.

ಈ ಜೋಡಣೆಯಲ್ಲಿ ಒಂದು ತೊಡಕಿದೆ. ಬೆಲ್ಟುಗಳು ಈಗ ಶಾಫ್ಟಿನ ಒಳಬದಿಯಲ್ಲಿವೆ. ಬೆಲ್ಟ್ ಬದಲಿಸಲು ಪಂಪು ಬಿಚ್ಚಲೇಬೇಕು. ಅದಕ್ಕೆ ಬ್ರಾಕೆಟ್ಟಿಗೆ ಎರಡು ಡೋವೆಲ್ ಪಿನ್ (ಜಾಗ ಗುರುತಿಸುವ ಗೂಟ) ಹಾಕಿಸಿದ್ದೇನೆ. ತೆಗೆದು ಮತ್ತೆ ಕೂರಿಸಿದರೆ ಅದೇ ಸಾಲಿಗೆ ಬರುತ್ತದೆ, ಡಯಲ್ ಗೇಜ್ ಹುಡುಕಬೇಕಿಲ್ಲ. ಸಾಲದ್ದಕ್ಕೆ ಇನ್ನೆರಡು ಹೊಸ ಬೆಲ್ಟನ್ನು ಮೊದಲೇ ಒಳಗೆ ಸುತ್ತಿ, ತಿರುಗುವುದಕ್ಕೆ ತಾಗದಂತೆ ಚಾನೆಲ್ಲಿಗೆ ಕಟ್ಟಿಟ್ಟಿದ್ದೇನೆ.

ಪಂಪು ಕೊಳ್ಳುವಾಗ ಅಂಗಡಿಯವರು ಕೇಳಿಯೇ ಕೇಳುತ್ತಾರೆ, "ಎಡವೋ ಬಲವೋ?" ಅಂತ. ಗೇರ್ ಪಂಪು ಒಂದೇ ದಿಕ್ಕಿಗೆ ತಿರುಗಬೇಕು. ಉಲ್ಟಾ ತಿರುಗಿಸಿದರೆ ಒತ್ತಡ ಶಾಫ್ಟಿನ ಆಯಿಲ್ ಸೀಲಿಗೆ ಬಂದು ಸೀಲ್ ಹಾರಿಹೋಗುತ್ತದೆ. ಫ್ಲೈವೀಲಿನ ಮೇಲೆ ಚಾಕ್‌ಪೀಸಿನಲ್ಲಿ ಗೀಟು ಎಳೆದು ಹ್ಯಾಂಡಲ್ ತಿರುಗಿಸಿ ನೋಡಿ. ನನ್ನದು ಫ್ಲೈವೀಲ್ ಎದುರು ನಿಂತರೆ ಎಡಕ್ಕೆ ತಿರುಗುತ್ತದೆ. ಪಂಪು ಅದರ ಎದುರುಬದುರು ಕೂರುವುದರಿಂದ, ಪಂಪಿನ ಶಾಫ್ಟ್ ಕಡೆಯಿಂದ ನೋಡಿದರೆ ಅದೇ ತಿರುಗಾಟ ಬಲಕ್ಕೆ. ಅಂದರೆ ಬಲ ಪಂಪು. ಅದೇ ಬೆಲ್ಟಿನಲ್ಲಿ, ಎರಡೂ ಶಾಫ್ಟ್ ಒಂದೇ ಕಡೆಗೆ ಮುಖ ಮಾಡಿದ್ದರೆ ಎಡ ಪಂಪು ಬೇಕಾಗುತ್ತದೆ. ಟ್ರಾಕ್ಟರಿನ ಗೇರ್ ಪಂಪುಗಳನ್ನು ನಮ್ಮ ಬೆಂಗಳೂರಿನ ಪೀಣ್ಯದಲ್ಲೇ ಮಾಡುತ್ತಾರೆ, ಸಿಗುವುದು ಕಷ್ಟವಲ್ಲ. ಗುಜರಿಯ ಇಂಜಿನ್ ತೆಗೆದುಕೊಳ್ಳಿ ಬೇಕಾದರೆ, ಗುಜರಿಯ ಪಂಪು ಮಾತ್ರ ಬೇಡ. ಒಳಗಿನ ಸವೆತ ಕಣ್ಣಿಗೆ ಕಾಣುವುದಿಲ್ಲ.

ಟ್ಯಾಂಕ್ 30 ಲೀಟರಿನದು, ಪಂಪಿಗಿಂತ ಎತ್ತರದಲ್ಲಿದೆ. ಪಂಪಿಗೆ ಎಣ್ಣೆ ತಾನಾಗಿ ಇಳಿದು ಬರಬೇಕು. ಎಳೆದುಕೊಳ್ಳುವ ಪೈಪು 1 ಇಂಚಿನದು, ಒಳಗೆ ತಂತಿ ಸುರುಳಿ ಇರುವಂಥದ್ದು, ಆದಷ್ಟೂ ಗಿಡ್ಡ. ಒತ್ತಡದ ಕಡೆ ಅರ್ಧ ಇಂಚಿನ ಎರಡು ತಂತಿ ಹೆಣಿಗೆಯ ಹೋಸ್. ವಾಪಸ್ ಬರುವ ಪೈಪಿನ ಬಾಯಿ ಎಣ್ಣೆಯೊಳಗೆ ಮುಳುಗಿರಬೇಕು, ಇಲ್ಲದಿದ್ದರೆ ನೊರೆ. ವಾಪಸ್ ದಾರಿಯಲ್ಲೇ ಫಿಲ್ಟರ್. ಜೋಡಣೆಗಳಿಗೆ ಡೌಟಿ ವಾಷರ್ (ರಬ್ಬರ್ ಅಂಟಿಸಿದ ಲೋಹದ ವಾಷರ್) ಹಾಕಿ, ಟೆಫ್ಲಾನ್ ಟೇಪ್ ಬೇಡವೇ ಬೇಡ. ಹರಿದ ಟೇಪಿನ ಚೂರು ಹೋಗಿ ವಾಲ್ವಿನಲ್ಲಿ ಕೂರುತ್ತದೆ.

ವಾಲ್ವ್ ಓಪನ್ ಸೆಂಟರಿನದು, ಎರಡು ಹಿಡಿಕೆ. ನೇರ ಕಪ್ಲಿಂಗ್ ಆದ್ದರಿಂದ ಇಂಜಿನ್ ಓಡುವಷ್ಟು ಹೊತ್ತೂ ಪಂಪು ಓಡುತ್ತದೆ. ಹಿಡಿಕೆ ನಡುವೆ ಇದ್ದಾಗ ಎಣ್ಣೆ ಸುಮ್ನೆ ಸುತ್ತಿ ಟ್ಯಾಂಕಿಗೆ ಬರಬೇಕು, ಅದಕ್ಕೇ ಓಪನ್ ಸೆಂಟರ್. ಹಿಡಿಕೆ ಒತ್ತಿ ಹಿಡಿದು, ಜ್ಯಾಕ್ ತುದಿ ಮುಟ್ಟಿದ ಮೇಲೂ ಬಿಡದಿದ್ದರೆ ಅಷ್ಟೂ 5 ಕಿಲೋವ್ಯಾಟ್, ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ರಿಲೀಫ್ ವಾಲ್ವಿನಲ್ಲಿ ಶಾಖವಾಗುತ್ತದೆ. ಎರಡು ಬಚ್ಚಲುಮನೆ ಗೀಸರನ್ನು ಎಣ್ಣೆಯೊಳಗೆ ಮುಳುಗಿಸಿಟ್ಟ ಹಾಗೆ. ಮನೆಯ ಹುಡುಗರಿಗೆ ನಾನು ಕಲಿಸಿದ ಮೊದಲ ಪಾಠ ಇದು.

ಎಣ್ಣೆ 46ನೇ ಗ್ರೇಡಿನದು ಹಾಕಿದೆ, ಅಂಕಿ ಹೆಚ್ಚಿದಷ್ಟೂ ಎಣ್ಣೆ ದಪ್ಪ. ಬಯಲುಸೀಮೆಯ ಬಿಸಿಲಿಗೆ 68 ಸರಿ. ನಮ್ಮಲ್ಲಿ ಚಳಿಗಾಲದ ಬೆಳಗ್ಗೆ ಹ್ಯಾಂಡಲ್ ತಿರುಗಿಸುವಾಗ ಇಂಜಿನ್ ಜೊತೆ ಪಂಪನ್ನೂ ತಿರುಗಿಸಬೇಕು, ದಪ್ಪ ಎಣ್ಣೆ ಇದ್ದರೆ ತೋಳು ಬೀಳುತ್ತದೆ.

ಮೊದಲ ಸಲ ಚಾಲೂ ಮಾಡುವ ಮುಂಚೆ ಪಂಪಿನೊಳಗೆ ಎಣ್ಣೆ ಸುರಿದು, ರಿಲೀಫ್ ವಾಲ್ವಿನ ಸ್ಕ್ರೂ ಪೂರ್ತಿ ಸಡಿಲ ಮಾಡಿಟ್ಟೆ. ಇಂಜಿನ್ ಹಿಡಿಯಿತು. ಪಂಪಿನಿಂದ ಮಾತ್ರ ಗೋಲಿ ಉರುಳಿದಂತೆ ಗರಗರ ಸದ್ದು. ಗಾಳಿ ಎಳೆದುಕೊಳ್ಳುತ್ತಿದೆ ಅಂತ ಗೊತ್ತಾಯಿತು, ಎಲ್ಲಿಂದ ಅನ್ನುವುದು ಗೊತ್ತಾಗಲಿಲ್ಲ. ಎಳೆಯುವ ಕಡೆ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಎಣ್ಣೆ ಹೊರಗೆ ಬರುವುದಿಲ್ಲ, ಹಾಗಾಗಿ ಒದ್ದೆ ಹುಡುಕಿ ಪ್ರಯೋಜನವಿಲ್ಲ. ಅದಕ್ಕೊಂದು ಉಪಾಯವಿದೆ. ಬೆರಳಲ್ಲಿ ಗ್ರೀಸ್ ತೆಗೆದು ಒಂದೊಂದೇ ಜೋಡಣೆಗೆ ಮೆತ್ತುತ್ತಾ ಹೋಗುವುದು. ಟ್ಯಾಂಕಿನ ಬುಡದ ಕ್ಲಿಪ್ಪಿಗೆ ಮೆತ್ತಿದ ಕೂಡಲೇ ಸದ್ದು ನಿಂತಿತು. ಅಲ್ಲಿ ಇನ್ನೊಂದು ಕ್ಲಿಪ್ ಹಾಕಿದೆ, ಮುಗಿಯಿತು.

ಆಮೇಲೆ ಜ್ಯಾಕನ್ನು ತುದಿಗೆ ಮುಟ್ಟಿಸಿ, ಗೇಜ್ ನೋಡುತ್ತಾ ಸ್ಕ್ರೂವನ್ನು ಕಾಲು ಸುತ್ತು, ಕಾಲು ಸುತ್ತು ಬಿಗಿದು 150ಕ್ಕೆ ತಂದು ಚೆಕ್‌ನಟ್ ಹಾಕಿದೆ. ಇಂಜಿನ್ ಸದ್ದು ಭಾರವಾಗುತ್ತದೆ, ಹೊಗೆ ಸ್ವಲ್ಪ ಕಪ್ಪಾಗುತ್ತದೆ, ಆದರೆ ಸುತ್ತು ಬೀಳುವುದಿಲ್ಲ. ಹಲಸಿನ ಕೊರಡು, ಮಾವಿನ ಕೊರಡು ಎರಡಕ್ಕೂ ತಡೆಯಿಲ್ಲ. ನಂದಿ ಮರದ ಗಂಟಿಗೆ ಮಾತ್ರ ಎರಡು ಸಲ ಕೊಡಬೇಕು.

ಟ್ರಾಲಿಯ ಜ್ಯಾಕ್ 75 ಮಿ.ಮೀ. ಬೋರಿನದು, ಎತ್ತುವುದಷ್ಟೇ ಅದರ ಕೆಲಸ, ಇಳಿಯುವುದು ತನ್ನ ತೂಕಕ್ಕೆ. ಇಳಿಯುವ ದಾರಿಯಲ್ಲಿ ಎಣ್ಣೆಯ ಹರಿವು ನಿಧಾನ ಮಾಡುವ ಒಂದು ಥ್ರಾಟಲ್ ವಾಲ್ವ್ ಹಾಕಿದ್ದೇನೆ, ಧಡ್ ಅಂತ ಬೀಳಬಾರದಲ್ವಾ. ಎತ್ತಿದ ಟ್ರಾಲಿಯ ಕೆಳಗೆ ಕೈ ಹಾಕುವ ಮುಂಚೆ ಕಬ್ಬಿಣದ ಊರುಗೋಲು ಕೊಡಲೇಬೇಕು. ಅದನ್ನು ಟ್ರಾಲಿಗೇ ಸರಪಳಿ ಹಾಕಿ ಬಿಟ್ಟಿದ್ದೇನೆ. ಹೋಸ್ ಸೋರುತ್ತಿದೆಯಾ ಅಂತ ಬೆರಳಿಟ್ಟು ನೋಡುವ ಅಭ್ಯಾಸ ಕೆಲವರಿಗಿದೆ. 150 ಬಾರಿನಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮದೊಳಗೇ ನುಗ್ಗುತ್ತದೆ. ಮೇಲೆ ಸಣ್ಣ ಚುಕ್ಕೆ ಕಾಣಬಹುದು, ಒಳಗೆ ಬೆರಳು ಕೊಳೆಯುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಕೂರದೆ ಅವತ್ತೇ ದೊಡ್ಡಾಸ್ಪತ್ರೆಗೆ ಓಡಬೇಕು. ನೋಡಲು ರಟ್ಟಿನ ತುಂಡು ಹಿಡಿಯಿರಿ, ಸಾಕು.

ಕಟ್ಟಿಗೆ ಸೀಳುವುದನ್ನು ಬೇಕಾದಾಗ ಜೋಡಿಸುವಂತೆ ಕ್ವಿಕ್ ಕಪ್ಲರ್ ಹಾಕಿದ್ದೇನೆ. ಅದನ್ನು ಇಂಜಿನ್ ನಿಲ್ಲಿಸಿ, ಹಿಡಿಕೆಯನ್ನು ಎರಡೂ ಕಡೆಗೆ ಆಡಿಸಿ ಒತ್ತಡ ಬಿಟ್ಟ ಮೇಲೆ ಜೋಡಿಸಬೇಕು. ಒಳಗೆ ಒತ್ತಡ ಉಳಿದಿದ್ದರೆ ಎಷ್ಟು ಗುದ್ದಿದರೂ ಕೂರುವುದಿಲ್ಲ. ಮೊದಲ ಐವತ್ತು ಗಂಟೆಗೆ ಫಿಲ್ಟರ್ ಬದಲಿಸಿದೆ. ಬಿಚ್ಚಿ ನೋಡಿದರೆ ವೆಲ್ಡಿಂಗಿನ ಕಾಳು, ಹೋಸ್ ಕತ್ತರಿಸಿದಾಗಿನ ರಬ್ಬರ್ ಪುಡಿ ಬೇಕಾದಷ್ಟಿತ್ತು. ಪಂಪಿನ ಹಿತ್ತಾಳೆಯ ಮಿಂಚು ಮಾತ್ರ ಇರಲಿಲ್ಲ. ಇನ್ನು ಆಯಿಲ್ ಕೂಲರ್ ಒಂದು ಬಾಕಿ. ಬೇಸಿಗೆಯಲ್ಲಿ ಇಡೀ ದಿನ ಕಟ್ಟಿಗೆ ಸೀಳಿದರೆ ಸಂಜೆಗೆ ಟ್ಯಾಂಕಿನ ಮೇಲೆ ಕೈಯಿಡಲು ಆಗುವುದಿಲ್ಲ. ಹಳೇ ಕಾರಿನ ಎಸಿ ಕಂಡೆನ್ಸರ್ ಹಾಕು ಅಂತ ಒಬ್ಬರು ಹೇಳಿದರು. ಅದರ ಸಪೂರ ನಳಿಗೆಯಲ್ಲಿ ನಿಮಿಷಕ್ಕೆ 20 ಲೀಟರ್ ಎಣ್ಣೆ ಹರಿಯುವುದು ನನಗೆ ನಂಬಿಕೆಯಿಲ್ಲ. ವಾಪಸ್ ದಾರಿಗೆ ಹೊಂದುವ ಸರಿಯಾದ ಕೂಲರನ್ನೇ ಹುಡುಕುತ್ತಿದ್ದೇನೆ.