ಖಾಲಿ ಪೀರಿಯಡ್ಡಿನ ಲೆಕ್ಕ ಇಡಿ, ಆಮೇಲೆ ಮಾಸ್ತರು ಬೇಕು ಅಂತ ಕೇಳಿ

ನಾನು ಗದಗ ಜಿಲ್ಲೆಯ ಒಂದು ಹಳ್ಳಿಯವಳು. 2023ರಲ್ಲಿ ಊರ ಸರಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿನಲ್ಲಿದ್ದೆ. ಜುಲೈನಲ್ಲಿ ಗಣಿತದ ಮಾಸ್ತರಿಗೆ ವರ್ಗ ಆಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಈಗ ಧಾರವಾಡದಲ್ಲಿ ಪಿಯುಸಿ ಓದುತ್ತಿದ್ದೇನೆ. ಊರ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿ "ಅಕ್ಕಾ, ನಮ್ಮ ಸಾಲ್ಯಾಗೂ ಮಾಸ್ತರಿಲ್ಲ, ಆವಾಗ ನೀವು ಹ್ಯಾಂಗ ಮಾಡಿದ್ರಿ?" ಅಂತ ಕೇಳುತ್ತಾರೆ. ಪ್ರತಿ ಸಲ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುತ್ತೇನೆ.

ಮೊದಲು ನಾವು ಕೆಡಿಸಿದ್ದನ್ನು ಹೇಳುತ್ತೇನೆ. ಒಂದು ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಯಾರೂ ಒಳಗೆ ಹೋಗಲಿಲ್ಲ. ಗೇಟಿನ ಹತ್ತಿರ ಕೂತು "ಬೇಕೇ ಬೇಕು, ಮಾಸ್ತರು ಬೇಕು" ಅಂತ ಕೂಗಿದೆವು. ಬಿಸಿಲು ಏರಿತು. ಗಂಟಲು ಒಣಗಿತು. ಊಟದ ಗಂಟೆ ಹೊಡೆದ ಕೂಡಲೇ ಎಲ್ಲರೂ ತಟ್ಟೆ ಹಿಡಿದು ಒಳಗೆ ಓಡಿದೆವು. ಧರಣಿ ಅಲ್ಲಿಗೇ ಮುಗಿಯಿತು. ಸಂಜೆ ಮನೆಯಲ್ಲಿ ಬೈಸಿಕೊಂಡದ್ದು ಬೇರೆ.

ಮರುದಿನ ಹೆಡ್‌ಮಾಸ್ತರು ನಮ್ಮಲ್ಲಿ ನಾಲ್ವರನ್ನು ಕರೆದರು. ಹೊಡೆತ ಬೀಳುತ್ತದೆ ಅಂದುಕೊಂಡೇ ಹೋದೆವು. ಅವರು ಒಂದು ಫೈಲ್ ತೆಗೆದು ತೋರಿಸಿದರು. "ನಾನೂ ಮ್ಯಾಲಿನ ಆಫೀಸಿಗೆ ಎರಡು ಸಲ ಬರದೀನಿ, ನೋಡ್ರಿ" ಅಂದರು. ನಾವು ಯಾರ ಮುಂದೆ ಕೂಗುತ್ತಿದ್ದೆವೋ ಅವರ ಕೈಯಲ್ಲಿ ಮಾಸ್ತರನ್ನು ಕೊಡುವ ಅಧಿಕಾರವೇ ಇರಲಿಲ್ಲ!

ಅವತ್ತೇ ಎರಡು ನೂರು ಪೇಜಿನ ಒಂದು ನೋಟ್‌ಬುಕ್ ಕೊಂಡೆವು. ನೀವೂ ಇಲ್ಲಿಂದಲೇ ಶುರು ಮಾಡಿ. ತಾರೀಖು, ಎಷ್ಟನೇ ಪೀರಿಯಡ್, ಯಾವ ವಿಷಯ, ಆ ಹೊತ್ತಿನಲ್ಲಿ ಏನಾಯಿತು, ಇಷ್ಟೇ ಗೆರೆ ಹಾಕಿ. ದಿನದ ಕೊನೆಗೆ ಇಬ್ಬರು ಸಹಿ ಮಾಡಿ. ಸಿಟ್ಟು ಬರೆಯಬೇಡಿ. ನಮ್ಮ ಗೆಳತಿ ಒಬ್ಬಳು ಮೊದಲ ದಿನವೇ "ನಮ್ಮ ಬಾಳು ಕತ್ತಲಾಗಿದೆ" ಅಂತ ಬರೆದಿದ್ದಳು. ಅದನ್ನು ಹೊಡೆದುಹಾಕಿ "ಮೂರನೇ ಪೀರಿಯಡ್, ಗಣಿತ, ಯಾರೂ ಬರಲಿಲ್ಲ" ಅಂತ ಮಾಡಿದೆವು. ಐದು ವಾರಕ್ಕೆ ಲೆಕ್ಕ ಹಾಕಿದಾಗ ಗಣಿತದ 27 ಪೀರಿಯಡ್ ಖಾಲಿ. ಒಂಬತ್ತು ಸಲ ಗ್ರೌಂಡಿಗೆ ಬಿಟ್ಟಿದ್ದರು. ಉಳಿದಷ್ಟೂ ಹೊತ್ತು ಸುಮ್ನೆ ಕೂತಿದ್ದೆವು. ನಮ್ಮಪ್ಪ ಅಲ್ಲಿಯವರೆಗೆ "ಸರಕಾರಿ ಸಾಲಿ ಅಂದ್ರ ಹಂಗss" ಅನ್ನುತ್ತಿದ್ದವರು, ಆ 27 ನೋಡಿ ಸುಮ್ಮನಾದರು.

ಆಮೇಲೆ ಬೇಡಿಕೆಗಳನ್ನು ಬೇರೆ ಬೇರೆ ಮಾಡಿ. ನಮ್ಮ ಮೊದಲ ಪಟ್ಟಿಯಲ್ಲಿ ಹದಿನಾಲ್ಕು ಇದ್ದವು. ಗಣಿತದ ಮಾಸ್ತರು, ಹುಡುಗಿಯರ ಶೌಚಾಲಯಕ್ಕೆ ನೀರು, ಕಂಪೌಂಡ್, ಲೈಬ್ರರಿ ಬೀಗ, ಕೊನೆಗೆ ವಾಲಿಬಾಲ್ ನೆಟ್ ಕೂಡ! ಇಷ್ಟನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಓದುವವರು ನೆಟ್ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಯಾವುದಕ್ಕೆ ಯಾರ ಬಾಗಿಲು ಅಂತ ನೋಡಿ. ಲೈಬ್ರರಿ ಬೀಗ ತೆಗೆಸುವುದು ಹೆಡ್‌ಮಾಸ್ತರ ಕೈಯಲ್ಲೇ ಇದೆ. ನೀರು, ಶೌಚಾಲಯ, ಕಂಪೌಂಡ್ ಪಂಚಾಯ್ತಿಗೆ. ನಾವಿದ್ದಾಗ ಕಂಪೌಂಡ್, ಆಟದ ಮೈದಾನದಂಥ ಕೆಲಸವನ್ನು ನರೇಗಾದಲ್ಲೂ ಮಾಡಿಸುತ್ತಿದ್ದರು. ಮಾಸ್ತರ ವಿಷಯ ತಾಲೂಕಿನ ಬಿಇಓಗೆ (ಕ್ಷೇತ್ರ ಶಿಕ್ಷಣಾಧಿಕಾರಿ), ಅಲ್ಲಿ ಆಗದಿದ್ದರೆ ಜಿಲ್ಲೆಯ ಡಿಡಿಪಿಐಗೆ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು). ನಮ್ಮ ಭಾಗಕ್ಕೆ ಅವರ ಮೇಲೆ ಧಾರವಾಡದಲ್ಲಿ ಅಪರ ಆಯುಕ್ತರ ಕಚೇರಿ ಇದೆ.

ಪಂಚಾಯ್ತಿಗೆ ಒಳ್ಳೆಯ ದಾರಿ ಮಕ್ಕಳ ಗ್ರಾಮಸಭೆ, ಅಂದರೆ ಮಕ್ಕಳ ಮಾತು ಕೇಳಲು ಪಂಚಾಯ್ತಿ ಕರೆಯುವ ಸಭೆ. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಮಾಡುತ್ತಾರೆ. ತಾರೀಖು ಯಾವಾಗ ಅಂತ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಭಾಷಣ, ಹಾಡು, ಬಿಸ್ಕಿಟ್ ಹಂಚಿ ಮುಗಿಸುವ ಸಭೆಗಳೂ ಇವೆ. ಅದಕ್ಕೇ ಬಾಯಲ್ಲಿ ಹೇಳಿ ಬರಬೇಡಿ, ಬರೆದುಕೊಟ್ಟು, ಸಭೆಯಲ್ಲಿ ಆದದ್ದನ್ನು ಬರೆದಿಡುವ ನಡಾವಳಿ ಪುಸ್ತಕದಲ್ಲಿ ಸೇರಿಸಿ ಅನ್ನಿ. ಸೇರಿಸಿದ್ದನ್ನು ಕಣ್ಣಾರೆ ನೋಡಿ ಬನ್ನಿ.

ಕಾನೂನಿನ ಮಾತು ಸ್ವಲ್ಪ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಗಂಡು, ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಲೈಬ್ರರಿ ಇರಲೇಬೇಕು. ಆರರಿಂದ ಎಂಟನೇ ಕ್ಲಾಸಿನವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಾದರೂ ಬೇಕು. ಆದರೆ ಈ ಕಾಯ್ದೆ ಎಂಟನೇ ಕ್ಲಾಸಿಗೇ ನಿಲ್ಲುತ್ತದೆ. ಇದು ನಮಗೆ ಗೊತ್ತಿರಲಿಲ್ಲ. ಹತ್ತನೆಯವರು ಅದನ್ನೇ ಹಿಡಿದು ಹೋದರೆ ಕಚೇರಿಯಲ್ಲಿ ಒಂದೇ ಮಾತಿಗೆ ಬಾಯಿ ಮುಚ್ಚಿಸುತ್ತಾರೆ. ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸೂ ಇರುತ್ತದೆ, ಅಲ್ವಾ? ಅವರನ್ನೂ ಸೇರಿಸಿಕೊಳ್ಳಿ.

ಇನ್ನು ಹೆದರಿಕೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ 80 ಅಂಕ ಪರೀಕ್ಷೆಗೆ, 20 ಅಂಕ ಇಂಟರ್ನಲ್, ಅಂದರೆ ಶಾಲೆಯಲ್ಲೇ ಕೊಡುವುದು. "ಇಂಟರ್ನಲ್ ನಮ್ಮ ಕೈಯಾಗ ಐತಿ" ಅಂತ ಯಾರೋ ಒಬ್ಬರು ಅಂದರೆ ಸಾಕು, ಅರ್ಧ ಕ್ಲಾಸು ಹಿಂದೆ ಸರಿಯುತ್ತದೆ. ನಮಗೂ ಹಾಗೇ ಆಯಿತು. ಹಿಂದೆ ಸರಿದವರನ್ನು ಹಂಗಿಸಬೇಡಿ. ಅರ್ಜಿಯ ಮೇಲೆ ಪಾಲಕರ ಸಹಿ ಮಾಡಿಸಿ. ಆ ವರ್ಷ ಬರ, ಕೆಲವರ ಅಪ್ಪ ಅವ್ವ ಇಬ್ಬರೂ ದುಡಿಯಲು ಗೋವಾ ಕಡೆ ಹೋಗಿದ್ದರು. ಅಂಥ ಮನೆಯಲ್ಲಿ ಅಜ್ಜಿಯ ಹೆಬ್ಬೆಟ್ಟು ಹಾಕಿಸಿದೆವು. ಎಸ್‌ಡಿಎಂಸಿ (ಶಾಲೆ ನೋಡಿಕೊಳ್ಳುವ ಪಾಲಕರ ಸಮಿತಿ) ಅಧ್ಯಕ್ಷರ ಸಹಿ ಬಿಡಲೇಬೇಡಿ. ಅವರನ್ನು ಹಿಡಿಯಲು ನಾವು ಮೂರು ಸಂಜೆ ಹಿಟ್ಟಿನ ಗಿರಣಿ ಮುಂದೆ ಕಾದೆವು.

ಅರ್ಜಿ ಒಂದೇ ಪುಟ ಇರಲಿ, ಬೇಡಿಕೆಯೂ ಒಂದೇ. "ಗಣಿತದ ಹುದ್ದೆ ತುಂಬುವವರೆಗೆ ಅತಿಥಿ ಶಿಕ್ಷಕರನ್ನು ಕೊಡಿ" ಅಂತ ಕೇಳಿದೆವು. ನೋಟ್‌ಬುಕ್ಕಿನ ಜೆರಾಕ್ಸ್ ಹಿಂದೆ ಪಿನ್ ಮಾಡಿದೆವು. ಮೂಲ ನೋಟ್‌ಬುಕ್ ಯಾರಿಗೂ ಕೊಡಬೇಡಿ, ಯಾರು ಎಷ್ಟೇ ಒಳ್ಳೆಯವರಾಗಿ ಕೇಳಿದರೂ.

ಬಿಇಓ ಕಚೇರಿಗೆ ಅವ್ವಂದಿರ ಜೊತೆ ಹೋಗಿ. ನಾವು ಹೋದಾಗ ಶಕ್ತಿ ಯೋಜನೆ ಶುರುವಾಗಿ ಕೆಲವೇ ತಿಂಗಳಾಗಿತ್ತು. ಆರು ಅವ್ವಂದಿರು, ಐದು ಹುಡುಗಿಯರು, ಬಸ್ಸಿಗೆ ಒಂದು ಪೈಸೆ ಖರ್ಚಿಲ್ಲ. ಆಧಾರ್ ಕಾರ್ಡ್ ಮರೆಯಬೇಡಿ. ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಅದಕ್ಕೆ ಓಸಿ ಅನ್ನುತ್ತಾರೆ. ನಮಗೆ "ಇಟ್ಟ ಹೋಗ್ರಿ, ಸಾಹೇಬ್ರಿಗೆ ಹೇಳ್ತೀವಿ" ಅಂದರು. ನಮ್ಮವ್ವ ಬೆಂಚಿನ ಮೇಲೆ ಕೂತು ರೊಟ್ಟಿ ಗಂಟು ಬಿಚ್ಚಿದಳು. "ಸೀಲ್ ಬಿದ್ದ ಮ್ಯಾಲೇ ಹೋಗ್ತೀವ್ರಿ, ಬಸ್ಸು ಐದಕ್ಕೈತಿ" ಅಂದಳು. ಅರ್ಧ ತಾಸಿನಲ್ಲಿ ಸೀಲು ಬಿತ್ತು.

ಮೂರು ವಾರ ಏನೂ ಆಗಲಿಲ್ಲ. ಆಗ ಮಾಹಿತಿ ಹಕ್ಕಿನಲ್ಲಿ ಒಬ್ಬರ ಅಪ್ಪನ ಹೆಸರಲ್ಲಿ ಕೇಳಿದೆವು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ನಮ್ಮ ಅರ್ಜಿ ಮೇಲೆ ಏನು ಕ್ರಮ ಆಯಿತು. ಉತ್ತರಕ್ಕೆ 30 ದಿನ ಟೈಮ್ ಇರುತ್ತದೆ. ಓಸಿ ಇದ್ದದ್ದರಿಂದ "ಅರ್ಜಿ ಬಂದಿಲ್ಲ" ಅನ್ನಲು ಯಾರಿಗೂ ಆಗಲಿಲ್ಲ.

ನವೆಂಬರ್ ಎರಡನೇ ವಾರ ಅತಿಥಿ ಶಿಕ್ಷಕರು ಬಂದರು. ನಮ್ಮ ಅರ್ಜಿಯಿಂದಲೋ ಹೆಡ್‌ಮಾಸ್ತರ ಪತ್ರದಿಂದಲೋ ಯಾರೂ ಹೇಳಲಿಲ್ಲ. ಭಾನುವಾರವೂ ಕ್ಲಾಸು ತಗೊಂಡು ತ್ರಿಕೋನಮಿತಿ ಮುಗಿಸಿದರು. ಶೌಚಾಲಯದ ನೀರಿನ ವಿಷಯ ನಡಾವಳಿಯಲ್ಲಿ ಸೇರಿತು, ಆದರೆ ನಾವು ಇರುವವರೆಗೆ ನಲ್ಲಿಗೆ ನೀರು ಬರಲಿಲ್ಲ.

ನೋಟ್‌ಬುಕ್ ಕಿರಿಯರಿಗೆ ಕೊಟ್ಟು ಬಂದಿದ್ದೆ. ಹೋದ ತಿಂಗಳು ಊರಿಗೆ ಹೋದಾಗ ಅದರ ಕೊನೆಯ ಹಾಳೆಗಳನ್ನು ತೆರೆದು ನೋಡಿದೆ. ಈ ಸಲ ಖಾಲಿ ಇರುವುದು ಹಿಂದಿ ಪೀರಿಯಡ್.