ಪಿಸಿಎಲ್ ಪೆಟ್ಟು: ನಾನು ಹೇಗೆ ಕಂಡುಹಿಡೀತೀನಿ, ಹೇಗೆ ಟ್ರೀಟ್ ಮಾಡ್ತೀನಿ

ಎಸಿಎಲ್ ಹರಿದಿದೆ ಅಂದ್ರೆ ಎಲ್ರಿಗೂ ಗೊತ್ತಾಗುತ್ತೆ, ಪಿಸಿಎಲ್ ಅಂದ್ರೆ ಅದ್ಯಾವ್ದು ಅಂತ ಕೇಳ್ತಾರೆ. ಮಂಡಿ ಒಳಗೆ ಅಡ್ಡಡ್ಡ ಹಾದುಹೋಗೋ ಎರಡು ಲಿಗಮೆಂಟಲ್ಲಿ, ಅಂದ್ರೆ ಮೂಳೆಗೆ ಮೂಳೆ ಜೋಡಿಸೋ ಗಟ್ಟಿ ಪಟ್ಟಿಗಳಲ್ಲಿ, ಮುಂದಿಂದು ಎಸಿಎಲ್, ಹಿಂದಿಂದು ಪಿಸಿಎಲ್. ಇದು ಎಸಿಎಲ್‌ಗಿಂತ ದಪ್ಪ, ಕೆಳಗಿನ ಟಿಬಿಯಾ ಮೂಳೆ ಹಿಂದಕ್ಕೆ ಜಾರದ ಹಾಗೆ ಹಿಡ್ಕೊಳ್ಳೋದು ಇದರ ಮುಖ್ಯ ಕೆಲ್ಸ. ನಾನು ಫಿಸಿಯೋಥೆರಪಿಸ್ಟ್, ಮಂಡಿ ಪೇಷಂಟ್‌ಗಳೇ ಜಾಸ್ತಿ ನೋಡೋದು, ಈ ಪೆಟ್ಟು ಎಷ್ಟು ಸಲ ಕಣ್ತಪ್ಪಿಸಿಕೊಂಡು ಹೋಗುತ್ತೆ ಅಂತ ನೋಡಿ ನೋಡಿ ಬೇಜಾರಾಗಿ ಇದನ್ನ ಬರೀತಿದೀನಿ.

ತಪ್ಪಿಸಿಕೊಳ್ಳೋಕೆ ಕಾರಣ ಇದೆ. ಎಸಿಎಲ್ ಹೋದೋರು ಟಪ್ ಅಂತ ಸದ್ದು ಬಂತು, ಆಗ್ಲೇ ಮಂಡಿ ಊದ್ಕೊಂತು ಅಂತಾರೆ. ಪಿಸಿಎಲ್ ಒಂದೇ ಹೋದ್ರೆ ಎಷ್ಟೋ ಸಲ ಸದ್ದೂ ಇಲ್ಲ, ಊತಾನೂ ಕಮ್ಮಿ, ಆ ಮನುಷ್ಯ ನಡ್ಕೊಂಡೇ ಬರ್ತಾನೆ. ಬಿದ್ದು ವಾರಗಟ್ಟಲೆ ಆದ್ಮೇಲೆ "ಡಾಕ್ಟ್ರೇ, ಮೆಟ್ಲು ಹತ್ತೋಕೆ ಏನೂ ಇಲ್ಲ, ಇಳಿಯೋವಾಗ ಮಂಡಿ ನನ್ನ ಮಾತೇ ಕೇಳಲ್ಲ" ಅಂತಾರೆ. ಈ ಮಾತು ಕೇಳಿದ್ ಕೂಡ್ಲೆ ನಾನು ಹೇಗೆ ಬಿದ್ರಿ ಅಂತ ಬಿಡಿಸಿ ಬಿಡಿಸಿ ಕೇಳ್ತೀನಿ. ಕಾರಲ್ಲಿ ಕೂತಿದ್ದಾಗ ಮಡಿಸಿದ ಮಂಡಿ ಡ್ಯಾಶ್‌ಬೋರ್ಡಿಗೆ ಹೊಡೀತಾ, ಆಟ ಆಡ್ತಾ ಮಂಡಿ ಊರಿ ಬಿದ್ರಾ, ಬಿದ್ದಾಗ ಪಾದ ಹೇಗಿತ್ತು? ಪಾದ ಹಿಂದಕ್ಕೆ ಚಾಚಿದ್ರೆ ಪೆಟ್ಟು ನೇರವಾಗಿ ಟಿಬಿಯಾ ಮೇಲ್ಭಾಗಕ್ಕೆ ಬಿದ್ದು ಪಿಸಿಎಲ್ ಎಳೆಯುತ್ತೆ, ಬೆರಳುಗಳು ಮೇಲ್ಮುಖ ಆಗಿದ್ರೆ ಮಂಡಿಚಿಪ್ಪು ಅದನ್ನ ತಗೊಳ್ಳುತ್ತೆ.

ಆಮೇಲೆ ಮಲಗ್ಸಿ ಎರಡೂ ಮಂಡಿ 90 ಡಿಗ್ರಿ ಮಡಿಸೋಕೆ ಹೇಳಿ, ನಾನು ಬಗ್ಗಿ ಮಂಡಿ ಮಟ್ಟಕ್ಕೆ ಕಣ್ಣು ತಂದು ಪಕ್ಕದಿಂದ ನೋಡ್ತೀನಿ. ಮುಟ್ಟೋಕೆ ಮುಂಚೆ ನೋಡ್ಬೇಕು. ಪಿಸಿಎಲ್ ಹೋಗಿದ್ರೆ ಕಾಲಿನ ಭಾರಕ್ಕೇ ಟಿಬಿಯಾ ಹಿಂದಕ್ಕೆ ಕುಸಿದಿರುತ್ತೆ, ಚಿಪ್ಪಿನ ಕೆಳಗೆ ಒಂದು ತಗ್ಗು ಕಾಣುತ್ತೆ, ಇನ್ನೊಂದು ಕಾಲಲ್ಲಿ ಅದು ಇರಲ್ಲ. ಆಮೇಲೆ ಹೆಬ್ಬೆರಳು ಮಂಡಿ ಸಂದಿಗೆ ಇಡ್ತೀನಿ. ಸರಿಯಾಗಿರೋ ಮಂಡೀಲಿ ಟಿಬಿಯಾ ಅಂಚು ತೊಡೆಮೂಳೆಗಿಂತ ಸುಮಾರು 1 ಸೆಂಟಿಮೀಟರ್ ಮುಂದಿರುತ್ತೆ, ಬೆರಳಿಗೆ ಆ ಮೆಟ್ಟಿಲು ಸಿಗುತ್ತೆ. ಹಿಂದಕ್ಕೆ ತಳ್ಳಿದಾಗ ಮೆಟ್ಟಿಲು ಇನ್ನೂ ಸ್ವಲ್ಪ ಉಳಿದ್ರೆ ಗ್ರೇಡ್ 1, ಎರಡೂ ಸಮ ಆದ್ರೆ ಗ್ರೇಡ್ 2, ಟಿಬಿಯಾ ತೊಡೆಮೂಳೆಗಿಂತ ಹಿಂದೆ ಹೋದ್ರೆ ಅಂದ್ರೆ 10 ಮಿಲಿಮೀಟರಿಗಿಂತ ಜಾಸ್ತಿ ಸರಿದ್ರೆ ಗ್ರೇಡ್ 3. ಗ್ರೇಡ್ 3 ಸಿಕ್ರೆ ಬರೀ ಪಿಸಿಎಲ್ ಅಂತ ನಾನು ಯಾವತ್ತೂ ನಂಬಲ್ಲ, ಹೊರಗಿನ ಹಿಂಬದಿ ಮೂಲೇಲಿ ಬೇರೆ ಲಿಗಮೆಂಟೂ ಹೋಗಿರ್ಬಹುದು, ಅದಕ್ಕೆ ಬೋರಲು ಮಲಗ್ಸಿ 30 ಮತ್ತು 90 ಡಿಗ್ರೀಲಿ ಪಾದ ಹೊರಕ್ಕೆ ತಿರುಗಿಸಿ ಎರಡೂ ಕಡೆ ಹೋಲಿಸ್ತೀನಿ.

ಇಲ್ಲಿ ಒಂದು ದೊಡ್ಡ ಬಲೆ ಇದೆ, ಹೊಸಬರಿಗೆ ಇದನ್ನ ಒತ್ತಿ ಹೇಳ್ತೀನಿ. ಟಿಬಿಯಾ ಮೊದ್ಲೇ ಹಿಂದೆ ಕುಸಿದಿದೆ ಅಂತ ಗಮನಿಸದೆ ಮುಂದಕ್ಕೆ ಎಳೆದ್ರೆ ಅದು ತನ್ನ ಜಾಗಕ್ಕೆ ವಾಪಸ್ ಬರುತ್ತೆ ಅಷ್ಟೇ, ನಮಗೆ ಮಾತ್ರ ಎಷ್ಟು ಮುಂದೆ ಬಂತು ಅಂತ ಅನ್ಸಿ ಎಸಿಎಲ್ ಹರಿದಿದೆ ಅಂತ ಬರೆದುಬಿಡ್ತೀವಿ. ಅನುಮಾನ ಇದ್ರೆ ಪಾದ ಹಿಡ್ಕೊಂಡು "ನಿಧಾನಕ್ಕೆ ಪಾದ ಮುಂದಕ್ಕೆ ಜಾರ್ಸಿ" ಅಂತೀನಿ, ತೊಡೆ ಮುಂಭಾಗದ ಸ್ನಾಯು ಬಿಗಿಯಾಗ್ತಿದ್ದಂಗೆ ಟಿಬಿಯಾ ತಾನಾಗೇ ಮುಂದೆ ಬರೋದು ಕಣ್ಣಿಗೇ ಕಾಣುತ್ತೆ.

ದೊಡ್ಡ ಆಕ್ಸಿಡೆಂಟ್ ಆಗಿದ್ರೆ, ಎರಡ್ಮೂರು ಲಿಗಮೆಂಟ್ ಹೋಗಿರೋ ಹಂಗಿದ್ರೆ, ಇದೆಲ್ಲದಕ್ಕಿಂತ ಮುಂಚೆ ಪಾದದ ನಾಡಿ. ಮಂಡಿ ಕೀಲು ಕಳಚಿ ತಾನೇ ಕೂತಿರ್ಬಹುದು, ಹಿಂದಿನ ರಕ್ತನಾಳಕ್ಕೆ ಪೆಟ್ಟಾಗಿರ್ಬಹುದು. ಕಣಕಾಲಿನ ಬಿಪಿಯನ್ನ ತೋಳಿನ ಬಿಪಿಯಿಂದ ಭಾಗಿಸಿದಾಗ 0.9ಕ್ಕಿಂತ ಕಮ್ಮಿ ಬಂದ್ರೆ ತಡ ಮಾಡೋ ಹಂಗೇ ಇಲ್ಲ, ತಕ್ಷಣ ಸರ್ಜನ್ ಹತ್ರ. ಪಾದ ಮೇಲೆತ್ತೋಕಾಗುತ್ತಾ ಅಂತಾನೂ ನೋಡಿ, ಆಗ್ತಿಲ್ಲ ಅಂದ್ರೆ ನರಕ್ಕೆ ಏಟಾಗಿರ್ಬಹುದು.

ಎಂಆರ್‌ಐ ಹೊಸ ಪೆಟ್ಟಿಗೆ ತುಂಬಾ ಚೆನ್ನಾಗಿ ತೋರ್ಸುತ್ತೆ. ಹಳೇದಕ್ಕೆ ಹಾಗಲ್ಲ, ಪಿಸಿಎಲ್ ತಾನಾಗೇ ಕೂಡ್ಕೊಳ್ಳೋ ಗುಣ ಇರೋದು, ಆದ್ರೆ ಉದ್ದ ಆಗಿ ಕೂಡ್ಕೊಂಡಿರುತ್ತೆ, ರಿಪೋರ್ಟಲ್ಲಿ ನಾರ್ಮಲ್, ಮಂಡಿ ಮಾತ್ರ ಸಡಿಲ. ಅಂಥ ಕಡೆ ಹಿಂದಕ್ಕೆ ಒತ್ತಿ ತೆಗೆಯೋ ಸ್ಟ್ರೆಸ್ ಎಕ್ಸ್‌ರೇ ಕೇಳೋದು ಒಳ್ಳೇದು.

ಕೂಡ್ಕೊಳ್ಳೋ ಗುಣ ಇರೋದ್ರಿಂದ್ಲೇ ಗ್ರೇಡ್ 1, 2ಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಡ. ಆದ್ರೆ ಕೂಡ್ಕೊಳ್ಳೋವಾಗ ಟಿಬಿಯಾ ಹಿಂದೆ ಬೀಳ್ಬಾರ್ದು, ಪೂರ್ತಿ ಟ್ರೀಟ್‌ಮೆಂಟ್ ಇದರ ಸುತ್ತಾನೇ ಇರೋದು. ಮೊದಲ ವಾರಗಳು ಬ್ರೇಸ್ ಹಾಕಿ ಕಾಲು ನೆಟ್ಟಗೆ. ಮಲಗೋವಾಗ ದಿಂಬು ಹಿಮ್ಮಡಿ ಕೆಳಗಲ್ಲ, ಮೀನಖಂಡದ ಮೇಲ್ಭಾಗದ ಕೆಳಗೆ, ಆಗ ಮೂಳೆ ಮುಂದಕ್ಕೆ ಆಸರೆ ತಗೊಳ್ಳುತ್ತೆ. ಹಿಮ್ಮಡಿಗೆ ಮಾತ್ರ ದಿಂಬಿಟ್ರೆ ಮಧ್ಯದಲ್ಲಿ ಮಂಡಿ ಹಿಂದಕ್ಕೆ ಜೋತು ಬೀಳುತ್ತೆ. ಮಡಿಸೋ ವ್ಯಾಯಾಮ ಬೋರಲು ಮಲಗಿ, ನಾನು ಟಿಬಿಯಾ ಹಿಡ್ಕೊಂಡು ಮಾಡಿಸ್ತೀನಿ.

ತೊಡೆ ಮುಂಭಾಗದ ಸ್ನಾಯು ಬಲ ಮಾಡಿ, ಅದೇ ಪಿಸಿಎಲ್‌ಗೆ ಜೊತೆಗಾರ, ಮೂಳೆನ ಮುಂದಕ್ಕೆ ಎಳೆಯೋದು ಅದು. ಹಿಂತೊಡೆ ಸ್ನಾಯು ಹಿಂದಕ್ಕೆ ಎಳೆಯುತ್ತೆ, ಅದಕ್ಕೆ ಜಿಮ್ಮಲ್ಲಿ ಹ್ಯಾಮ್‌ಸ್ಟ್ರಿಂಗ್ ಕರ್ಲ್ ಸದ್ಯಕ್ಕೆ ಬೇಡ್ವೇ ಬೇಡ, ಪೂರ್ತಿ ಕೂರೋ ಸ್ಕ್ವಾಟೂ ಬೇಡ. ಪೇಷಂಟ್‌ಗಳು ಹೆಚ್ಚಾಗಿ ಮುರಿಯೋ ನಿಯಮ ಇದೇ, ನೋವಿಲ್ಲ ಅಂತ ಶುರು ಮಾಡ್ಬಿಡ್ತಾರೆ.

ಗ್ರೇಡ್ 3, ಜೊತೆಗೆ ಬೇರೆ ಲಿಗಮೆಂಟ್ ಹೋಗಿರೋದು, ಇಲ್ಲಾ ಪಿಸಿಎಲ್ ಮೂಳೆ ಚೂರು ಸಮೇತ ಕಿತ್ಕೊಂಡು ಬಂದಿರೋದು ಇದ್ರೆ ಸರ್ಜನ್ ನಿರ್ಧಾರ ಮಾಡ್ತಾರೆ. ಕಿತ್ತ ಚೂರನ್ನ ಸ್ಕ್ರೂ ಹಾಕಿ ಕೂರಿಸ್ಬಹುದು, ಹರಿದಿದ್ರೆ ಬೇರೆ ಟೆಂಡನ್ (ಸ್ನಾಯುನ ಮೂಳೆಗೆ ಕಟ್ಟೋ ನಾರು) ತಗೊಂಡು ಹೊಸದಾಗಿ ಕಟ್ತಾರೆ. ಆಪರೇಷನ್ ಆದ್ಮೇಲೆ ನನ್ನ ಹತ್ರ ಬಂದವರಿಗೆ ಎಸಿಎಲ್‌ಗಿಂತ ನಿಧಾನ ಅಂತ ಮೊದ್ಲೇ ಹೇಳಿಬಿಡ್ತೀನಿ, ಸಾಮಾನ್ಯವಾಗಿ ಮೊದಲ 6 ವಾರ ಭಾರ ಹಾಕೋಹಂಗಿಲ್ಲ, ಹಿಂತೊಡೆ ವ್ಯಾಯಾಮ 4 ತಿಂಗ್ಳು ಆಗೋವರೆಗೆ ಮುಟ್ಟಲ್ಲ, ಆಟಕ್ಕೆ ವಾಪಸ್ 9ರಿಂದ 12 ತಿಂಗ್ಳು. ಆಪರೇಷನ್ ಇಲ್ದೇ ಇರೋರಿಗೂ ಕ್ಯಾಲೆಂಡರ್ ನೋಡಿ ಕಳ್ಸಲ್ಲ, ತೊಡೆ ಬಲ ಇನ್ನೊಂದು ಕಾಲಿನ 90 ಪರ್ಸೆಂಟ್ ಆದ್ರೂ ಬರ್ಬೇಕು, ಮೆಟ್ಲು ಇಳಿಯೋವಾಗ ಮಂಡಿ ತಡ್ಕೊಳ್ಬೇಕು. ಸ್ವಲ್ಪ ಸಡಿಲ ಉಳಿದ್ರೂ ಚೆನ್ನಾಗಿ ಓಡಾಡೋರು ತುಂಬಾ ಜನ ಇದ್ದಾರೆ, ಆದ್ರೆ ವರ್ಷಗಳು ಕಳೆದಂಗೆ ಮಂಡಿ ಒಳಭಾಗ ಮತ್ತೆ ಚಿಪ್ಪಿನ ಹಿಂದೆ ಸವೆತ ಬರೋ ಸಾಧ್ಯತೆ ಇದೆ, ಅದಕ್ಕೆ ತೊಡೆ ವ್ಯಾಯಾಮ ಮಾತ್ರ ಬಿಡಬೇಡಿ ಅಂತ ಬೇಡ್ಕೊಂಡೇ ಕಳ್ಸೋದು.